ದೊರೆಯ ಚರ್ಮದೊಳಗಿನ ಸುರಂಗ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಬೆನ್ನುನೋವು ಇಳಿಯಿತಾ? ಸೊಂಟದ ಹತ್ತಿರ ಎದ್ದಿದ್ದ ಆ ಗುಳ್ಳೆಗಳು ಇನ್ನೂ ತುರಿಸ್ತಿವೆಯಾ? ಲಾರಿ ಸೀಟಿನ ಬಿಸಿಗೆ ಅಂತ ನೀವಂದಿರಿ, ನಾನೂ ತಲೆಯಾಡಿಸಿದೆ. ಇಲ್ಲಿ ನಾನು, ಅತ್ತೆ ಇಬ್ಬರೂ ಚೆನ್ನಾಗಿದ್ದೀವಿ. ಹೊಲಿಗೆ ಕೆಲಸ ಕೈತುಂಬ ಇದೆ. ನಿಮ್ಮ ಗೋದಾಮಿನ ಕಡೆ ಹೊರಟಿರೋ ಮೀಸೆ ಡ್ರೈವರ್ ಕೈಲಿ ಈ ಕಾಗದ ಕಳಿಸ್ತಿದ್ದೀನಿ.

ನಮ್ಮ ನಾಯಿ ದೊರೆಯ ವಿಷಯ ಹೇಳ್ತೀನಿ, ಗಾಬರಿ ಆಗಬೇಡಿ. ಈ ಸಲವೂ ಗೋದಾಮಿಗೆ ಜೊತೆಗೆ ಕರ್ಕೊಂಡು ಹೋಗಿ ಬಂದು ಅವನನ್ನ ಲಾರಿಯಿಂದ ಇಳಿಸಿ ಹೋದಿರಲ್ಲ, ಸ್ವಲ್ಪ ದಿನಕ್ಕೆಲ್ಲ ಮತ್ತೆ ಕೆರೆತ ಶುರು. ಔಷಧಿ ಹಾಕಿ ವಾಸಿ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದ ಹಾಗಾಯ್ತು. ಕಿವಿಯ ಅಂಚು, ಮೊಣಕೈ, ಹೊಟ್ಟೆ ಕೆಂಪು ಕೆಂಪು. ಆ ಕರಿ ಕೂದಲು ರಾಶಿ ರಾಶಿ ಉದುರಿತು. ತಟ್ಟೆ ಮೂಸಿಯೂ ನೋಡಲಿಲ್ಲ. ಅತ್ತೆ ಸುಟ್ಟ ಇಂಜಿನ್ ಆಯಿಲ್ ಸವರೋಣ ಅಂತ ಡಬ್ಬಿ ಹಿಡಿದು ನಿಂತಿದ್ದರು. ಕಿತ್ತಿಟ್ಟು, ಅವನನ್ನ ಎತ್ತಿಕೊಂಡು ನಾಯಿ ಡಾಕ್ಟರಮ್ಮನ ಹತ್ತಿರ ಓಡಿದೆ. ಆಯಿಲ್ ನೆಕ್ಕಿದರೆ ವಿಷ, ಚರ್ಮವೂ ಸುಡುತ್ತೆ ಅಂತ ಆಕೆ ಬೈದರು.

ಆಮೇಲೆ ಕಿವಿಯ ಹಕ್ಕಳೆಯನ್ನ ಬ್ಲೇಡಿನಲ್ಲಿ ಕೆರೆದು, ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ನೀವೇ ನೋಡಿ ಅಂದರು. ರೀ, ಏನಂತ ಹೇಳಲಿ! ದುಂಡಗೆ, ಒಳಗಿನದೆಲ್ಲ ಕಾಣೋ ಹಾಗಿರೋ ಒಂದು ಜೀವ, ಎಂಟು ಗಿಡ್ಡ ಕಾಲು ಆಡಿಸ್ತಾ ಇತ್ತು. ಕಜ್ಜಿಯ ಹುಳುವಂತೆ. ಪಕ್ಕದಲ್ಲೇ ಮೊಟ್ಟೆ. ದಿನವಿಡೀ ಸೂಜಿಗೆ ದಾರ ಪೋಣಿಸೋ ಕಣ್ಣು ನಂದು, ಬರಿಗಣ್ಣಿಗೆ ಆ ಗಾಜಿನ ಮೇಲೆ ಏನೂ ಕಂಡಿರಲಿಲ್ಲ. ಇಷ್ಟೇ ಇಷ್ಟಿರೋದು ಚರ್ಮದೊಳಗೆ ಸುರಂಗ ಕೊರೆದು, ಸಂಸಾರ ಹೂಡಿ, ಮನೆಮಂದಿಯ ನಿದ್ದೆಯನ್ನೇ ಕೆಡಿಸಿದೆ. ಅಸಹ್ಯ ಪಡಬೇಕಾದವಳು ಬಾಯಿ ಬಿಟ್ಟುಕೊಂಡು ನಿಂತೆ. ಇದನ್ನೂ ಯಾರೋ ಎಷ್ಟು ನಾಜೂಕಾಗಿ ಹೊಲಿದಿದ್ದಾರಲ್ಲ ಅನ್ನಿಸಿತು.

ಒಂದು ಮಾತ್ರೆ ನುಂಗಿಸಿದರು. ಬಾಯಿಗೆ ಹಾಕಿದ್ದು ರಕ್ತದಲ್ಲಿ ಹರಿದು ಆ ಸುರಂಗದ ಮೂಲೆವರೆಗೂ ಹೋಗುತ್ತಂತೆ, ಸೋಜಿಗ ನೋಡಿ. ಅವನ ಹಾಸಿಗೆಯನ್ನೆಲ್ಲ ಕುದಿಯೋ ನೀರಲ್ಲಿ ಒಗೆದೆ. ಈಗ ಹೊಟ್ಟೆ ಮೇಲೆ ಹೊಸ ಕೂದಲು ಚಿಗುರ್ತಿದೆ, ನಿನ್ನೆ ತಟ್ಟೆಯನ್ನ ತಳ ಹೊಳೆಯೋ ಹಾಗೆ ನೆಕ್ಕಿದ. ಮುಟ್ಟಿ ಮುಟ್ಟಿ ನೋಡ್ತಿದ್ದೀನಿ, ನಂಬೋಕಾಗ್ತಿಲ್ಲ. ಆದರೆ ಡಾಕ್ಟರಮ್ಮ ಒಂದು ಮಾತು ಹೇಳಿದರು: “ಇದು ನಾಯಿಯಿಂದ ನಾಯಿಗೆ ಬರೋದು. ಜೊತೆಗಿರೋದಕ್ಕೂ ಔಷಧಿ ಆಗದಿದ್ದರೆ ಮತ್ತೆ ಬರುತ್ತೆ. ವಯಸ್ಸಾದ ಜೀವ, ಇನ್ನೊಂದು ಸಲ ತಡೆಯಲ್ಲ.” ನಮ್ಮ ಮನೇಲಿ ಇವನೊಬ್ಬನೇ ಅಂತ ಎದೆ ತಟ್ಟಿ ಹೇಳಿ ಬಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿದ್ದೆಗಣ್ಣಲ್ಲಿ ಸ್ಟೀರಿಂಗ್ ಹಿಡೀಬೇಡಿ. ಅತ್ತೆಯ ಆಶೀರ್ವಾದ, ದೊರೆಯ ಬಾಲದ ನಮಸ್ಕಾರ.

ನಿಮ್ಮವಳು

ವಿ.ಸೂ.: ಮೀಸೆ ಡ್ರೈವರ್ ಹಾರ್ನ್ ಹೊಡೀತಿದ್ದಾರೆ. ಹರಿದಿದೆ, ಹೊಲಿದಿಡು ಅಂತ ಲಾರಿ ಸೀಟಿನ ಹೊದಿಕೆ ಬಿಟ್ಟು ಹೋಗಿದ್ದಿರಲ್ಲ, ಅದರ ಹೊಲಿಗೆ ಸಂದಿಯಲ್ಲೆಲ್ಲ ಬಿಳಿ ಕೂದಲು. ದೊರೆ ಕಪ್ಪು, ನಿಮ್ಮ ತಲೆ ಬೋಳು. ಇನ್ನೊಂದು ನಾಯಿಯನ್ನ ಮನೆಗೆ ತರಲ್ಲ ಅಂತ ನನಗೆ ಮಾತು ಕೊಟ್ಟಿರಿ, ತರಲಿಲ್ಲ, ಗೋದಾಮಿನಲ್ಲೇ ಸಾಕಿದಿರಿ! ಈ ಹುಳು ಮನುಷ್ಯರಿಗೂ ತುರಿಕೆ ತರುತ್ತೆ ಅಂದಿದ್ದರು ಡಾಕ್ಟರಮ್ಮ, ನಿಮ್ಮ ಗುಳ್ಳೆಯೂ ಅದರ ಪ್ರಸಾದವೇ. ಪಾಪ, ಆ ಬಡಪಾಯಿಯೂ ಹಗಲೂ ರಾತ್ರಿ ಕೆರ್ಕೊಳ್ತಿರುತ್ತೆ. ಬರುವಾಗ ಕರ್ಕೊಂಡು ಬನ್ನಿ, ಮೊದಲು ಡಾಕ್ಟರಮ್ಮನ ಹತ್ತಿರ, ಆಮೇಲೆ ಮನೆಗೆ. ಅತ್ತೆಗೆ ನಾನು ಹೇಳ್ತೀನಿ. ಇನ್ನೊಂದು ತಟ್ಟೆ ತಂದಿಟ್ಟಿದ್ದೀನಿ.