ಗೊಂಬೆಯ ಬಲಗೈ

ಬಾಥೆಲ್, ವಾಷಿಂಗ್ಟನ್
19 ಅಕ್ಟೋಬರ್ 2013, ಶನಿವಾರ

ಪ್ರೀತಿಯ ತಾತನಿಗೆ,

ನಿಮ್ಮ ಜಾನು ಮಾಡುವ ನಮಸ್ಕಾರ. ಮಂಡಿನೋವು ಹೇಗಿದೆ? ಮೈಸೂರಿಗೆ ಚಳಿ ಇಳಿಯುವ ಮೊದಲೇ ಎಣ್ಣೆ ಬಿಸಿ ಮಾಡಿಸಿ ತಿಕ್ಕಿಸಿಕೊಳ್ಳಿ. ಸುಮಿತ್ರ ಚಿಕ್ಕಮ್ಮನಿಗೆ ತೊಂದರೆಯಾದೀತೆಂದು ಸುಮ್ಮನೆ ಕೂರಬೇಡಿ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಪೇಪರಿನ ದಪ್ಪ ಅಕ್ಷರಗಳನ್ನೆಲ್ಲ ನೀವೇ ಓದುತ್ತೀರೆಂದು ಚಿಕ್ಕಮ್ಮ ಹೇಳಿದರು. ಅದಕ್ಕೇ ಇದನ್ನು ಇಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ, ಜೊತೆಗೆ ಒಂದು ಭೂತಗನ್ನಡಿಯನ್ನೂ ಇಟ್ಟಿದ್ದೇನೆ. ಚಿಕ್ಕಮ್ಮನಿಂದ ಓದಿಸಬೇಡಿ, ನೀವೇ ಓದಿ. ಫೋನಿನಲ್ಲಿ ನಿಮಗೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿ ಹೇಳುವ ಮಾತಲ್ಲ ಇದು. ಕಾನ್ವೆಂಟಿಗೆ ಹೋಗುತ್ತಿದ್ದ ನನಗೆ ಕೈಹಿಡಿದು ಸ್ಲೇಟಿನ ಮೇಲೆ ಕನ್ನಡ ತಿದ್ದಿಸಿದವರು ನೀವು. ಆ ಅಕ್ಷರಗಳು ಇಂಥ ಪತ್ರಕ್ಕೆ ಬೇಕಾದಾವೆಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ.

ಜಯಂತ್ ಚೆನ್ನಾಗಿದ್ದಾರೆ. ನಿಸರ್ಗಳಿಗೆ ಹನ್ನೆರಡು ತುಂಬಿತು, ನನ್ನ ಭುಜದ ಮಟ್ಟಕ್ಕೆ ಬಂದಿದ್ದಾಳೆ. ಈ ಸಲವೂ ಗೊಂಬೆ ಕೂರಿಸಿದೆವು. ಪುಸ್ತಕದ ಶೆಲ್ಫನ್ನೇ ಮಲಗಿಸಿ, ಮೇಲೆ ಅಟ್ಟೆಪೆಟ್ಟಿಗೆಗಳನ್ನು ಜೋಡಿಸಿ, ಬಿಳಿ ಪಂಚೆ ಹೊದಿಸಿ ಐದು ಮೆಟ್ಟಿಲು ಮಾಡಿದೆವು. ಮೇಲೆ ಪಟ್ಟದ ಗೊಂಬೆಗಳು, ಅವುಗಳ ಪಕ್ಕದಲ್ಲಿ ಎಂದಿನಂತೆ ನಿಮ್ಮ ಜಾವಾದ ಗೊಂಬೆ. ಅಜ್ಜಿ ಅದನ್ನು ಅಮ್ಮನಿಗೆ ಕೊಟ್ಟಳು, ಅಮ್ಮ ನನ್ನ ಮದುವೆಯಲ್ಲಿ ನನಗೆ ಕೊಟ್ಟಳು. ಉದ್ದ ಮೂಗು, ಬಾಗಿದ ಕಣ್ಣು, ಬಾಟಿಕ್ ಬಟ್ಟೆಯ ಲಂಗ. ಬಲಗೈ ಮಾತ್ರ ಚನ್ನಪಟ್ಟಣದ್ದು, ಗಿಡ್ಡ, ದಪ್ಪ, ಅರಗಿನ ಹೊಳಪಿನದು. ಹಡಗಿನಲ್ಲಿ ಬರುವಾಗ ಕೈ ಮುರಿಯಿತೆಂದು ನೀವು ಹೇಳಿದ್ದಿರಿ. ಮೋಟುಕೈಯ ಗೊಂಬೆ ಹಬ್ಬಕ್ಕೆ ಆಗದೆಂದು ಅಜ್ಜಿ ಹೊಸ ಕೈ ಮಾಡಿಸಿದ್ದಳು.

ಅದರ ಕಥೆಯನ್ನು ಮನೆಯ ಮಗುವೇ ಬಂದವರಿಗೆ ಹೇಳಬೇಕು ಎನ್ನುವುದು ನಮ್ಮಲ್ಲಿ ಪದ್ಧತಿಯೇ ಆಗಿಹೋಗಿದೆಯಲ್ಲ. ನಾನು ಹೇಳುತ್ತಿದ್ದೆ, ಈಗ ನಿಸರ್ಗ ಹೇಳುತ್ತಾಳೆ. ಜಾವಾದಲ್ಲಿ ಸುರಬಾಯ ಎಂಬ ಊರು ಉರಿಯುತ್ತಿತ್ತು. ತಾತ ಮಿಲಿಟರಿ ಲಾರಿಯಿಂದ ಇಳಿದರು. ಬಾಗಿಲಲ್ಲಿ ಹಸಿದ ಹುಡುಗಿಯೊಬ್ಬಳು ನಿಂತಿದ್ದಳು. ತಾತ ತಮ್ಮ ಪಾಲಿನ ಬಿಸ್ಕತ್ತಿನ ಡಬ್ಬಿಯನ್ನು ಅವಳಿಗೆ ಕೊಟ್ಟರು. ಅವಳು ಒಳಗೆ ಓಡಿ ಈ ಗೊಂಬೆಯನ್ನು ತಂದಳು. ಕೊನೆಯ ಮಾತನ್ನು ನೀವು ಪ್ರತಿ ಸಲವೂ ಒಂದೇ ರೀತಿ ಹೇಳುತ್ತಿದ್ದಿರಿ: ‘ಎರಡೂ ಕೈಯಲ್ಲಿ ಹಿಡ್ಕೊಂಡು ಕೊಟ್ಳಮ್ಮ ಆ ಮಗು, ದೇವ್ರಿಗೆ ಕೊಡೋ ಹಾಗೆ.’

ನನ್ನ ಆಫೀಸಿನಲ್ಲಿ ದೇವಿ ಎಂಬ ಇಂಡೋನೇಷ್ಯಾದವಳಿದ್ದಾಳೆ. ಹಬ್ಬದ ಎರಡನೆಯ ದಿನ ಭಾನುವಾರ ಬಂತು. ಪಕ್ಕದ ಊರು ಮಿಲ್ ಕ್ರೀಕಿನಿಂದ ಅವಳನ್ನೂ ಅವಳ ತಾಯಿಯನ್ನೂ ಗೊಂಬೆ ನೋಡಲು ಕರೆದೆ. ತಾಯಿಯ ಹೆಸರು ರತ್ನ. ಇಬು ರತ್ನ ಎನ್ನಬೇಕು, ಅವರಲ್ಲಿ ಇಬು ಎಂದರೆ ಅಮ್ಮ. ಎಪ್ಪತ್ತೈದು ವಯಸ್ಸು, ಮೆಲುಮಾತಿನವರು. ಉಸಲಿ ಚೆನ್ನಾಗಿದೆಯೆಂದು ಎರಡು ಸಲ ಹಾಕಿಸಿಕೊಂಡರು. ಅವರ ದೇಶದ ಗೊಂಬೆ ನಮ್ಮ ಮನೆಯಲ್ಲಿ ಪೂಜೆಗೊಳ್ಳುತ್ತಿದೆಯೆಂದು ತೋರಿಸಿಕೊಳ್ಳುವ ಸಂಭ್ರಮ ನನಗೆ. ‘ಹೇಳು ಪುಟ್ಟಿ’ ಎಂದೆ. ನಿಸರ್ಗ ಇಂಗ್ಲಿಷಿನಲ್ಲಿ, ಅಭಿನಯದ ಸಮೇತ, ಎಲ್ಲವನ್ನೂ ಹೇಳಿದಳು. ‘ವಿತ್ ಬೋತ್ ಹ್ಯಾಂಡ್ಸ್’ ಎಂದು ಬಾಗಿ ತೋರಿಸಿದಳು. ಇಬು ರತ್ನ ಗೊಂಬೆಯ ಬಲಗೈಯನ್ನೇ ನೋಡುತ್ತಿದ್ದರು. ಎರಡೂ ಕೈಯಿಂದಲೇ ಎಂದು ಮಗುವನ್ನು ಕೇಳಿದರು. ಹೌದು, ಎರಡೂ ಎಂದು ನಿಸರ್ಗ ಮತ್ತೊಮ್ಮೆ ಮಾಡಿ ತೋರಿಸಿದಳು. ಅವರು ಚಪ್ಪಾಳೆ ತಟ್ಟಿದರು ತಾತ. ಬಾಗಿನದ ತೆಂಗಿನಕಾಯಿ ತೆಗೆದುಕೊಂಡು, ಮಗುವಿನ ಗಲ್ಲ ಸವರಿ ಹೊರಟರು.

ಮಾರನೆಯ ದಿನ ಒಬ್ಬರೇ ಬಂದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಸಣ್ಣ ಪೆಟ್ಟಿಗೆಯಿತ್ತು. ಅದರೊಳಗೆ ಮರದ ಒಂದು ಕೈ. ತೆಳ್ಳಗೆ, ಮೊಣಕೈಯಲ್ಲಿ ದಾರದ ಗಂಟು, ಬಳೆಯ ಜಾಗದಲ್ಲಿ ಚಿನ್ನದ ಬಣ್ಣ. ನಾನು ಚನ್ನಪಟ್ಟಣದ ಕೈ ಬಿಚ್ಚಿ ಅದನ್ನು ಹಿಡಿದು ನೋಡಿದೆ. ಭುಜದ ಸೀಳಿಗೆ ಸೀಳು ಕೂಡಿತು.

ಅವರ ತಂದೆ ಬಾಂಡುಂಗಿನ ಕಡೆಯವರು, ರೈಲ್ವೆ ಕೆಲಸಕ್ಕೆ ಸುರಬಾಯಕ್ಕೆ ಬಂದಿದ್ದರಂತೆ. 1945ರ ನವೆಂಬರ್ ಹತ್ತರಂದು ಹಡಗುಗಳಿಂದ ಗುಂಡು ಸುರಿಯತೊಡಗಿದಾಗ ಅವರು ಬಿದಿರಿನ ಭರ್ಜಿ ಹಿಡಿದು ಹೋದವರು ಮರಳಲಿಲ್ಲ. ತಾಯಿ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಓಡಿದರು. ಆಗ ರತ್ನ ಏಳು ವರ್ಷದವರು, ಅಕ್ಕ ಯಾತಿ ಹನ್ನೆರಡರವಳು. ಗೊಂಬೆ ಬೇಕೆಂದು ಅತ್ತದ್ದು ರತ್ನ. ತರುತ್ತೇನೆಂದು ಹಿಂದಕ್ಕೆ ಓಡಿದ್ದು ಯಾತಿ. ಅಷ್ಟರಲ್ಲಿ ಬೀದಿಗೆ ಲಾರಿಗಳು ಬಂದವು, ಮನೆಮನೆ ಶೋಧನೆ ಶುರುವಾಯಿತು. ಮೂರು ದಿನಗಳ ಮೇಲೆ ಹಿತ್ತಿಲ ಬಾವಿಯ ಬಳಿ ಅವಳು ಸಿಕ್ಕಳಂತೆ, ಎದೆಗೆ ಒಂದು ಗುಂಡು. ಸ್ನಾನ ಮಾಡಿಸುವಾಗ ತಾಯಿ ಮುಷ್ಟಿ ಬಿಡಿಸಿದರು. ಒಳಗೆ ಈ ಕೈ ಇತ್ತು.

ತಾತ, ಆಗ ನನಗೆ ನೆನಪಾದದ್ದನ್ನು ನಿಮಗೆ ಹೇಳಲೇಬೇಕು. ನನಗೆ ಎಂಟು ವರ್ಷ. ಹಬ್ಬ ಮುಗಿದು ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುವಾಗ ನಾನು ಇದನ್ನು ಕೊಡಲೊಲ್ಲೆನೆಂದು ಅವುಚಿಕೊಂಡಿದ್ದೆ. ಗೊಂಬೆಗಳನ್ನು ಎಂದೂ ಮುಟ್ಟದ ನೀವು, ಅಜ್ಜಿ ಕರೆದಳೆಂದು ಬಂದು ಎಳೆದಿರಿ. ನಾನು ಬಿಡಲಿಲ್ಲ. ಇನ್ನೊಮ್ಮೆ ಎಳೆದಿರಿ. ಚಟ್ಟೆಂದಿತು. ಗೊಂಬೆ ನಿಮ್ಮ ಕೈಯಲ್ಲಿ, ಚನ್ನಪಟ್ಟಣದ ಕೈ ನನ್ನ ಮುಷ್ಟಿಯಲ್ಲಿ. ನೀವು ನನ್ನ ಮುಷ್ಟಿ ನೋಡಿದಿರಿ. ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡಿರಿ. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಗೊಂಬೆ ಮುರಿದದ್ದಕ್ಕೆ ಕೋಪವೆಂದುಕೊಂಡು ನಾನು ಒಂದು ವರ್ಷ ನಿಮಗೆ ಹೆದರಿ ಬದುಕಿದೆ. ಮೊನ್ನೆಯವರೆಗೂ ಅದು ನನ್ನ ತಪ್ಪೆಂದೇ ತಿಳಿದಿದ್ದೆ.

ಈ ಹನ್ನೆರಡು ದಿನ ನಿಮ್ಮ ಪರವಾಗಿ ನಾನೇ ವಾದ ಹೂಡಿದ್ದೇನೆ. ನಿಮಗಾಗ ಇಪ್ಪತ್ತೆರಡು. ನೀವು ಲಾರಿ ಓಡಿಸುವವರು, ಬಂದೂಕು ಬೇರೆಯವರದಿರಬಹುದು. ನೀವು ಹಿತ್ತಿಲಿಗೆ ಬರುವಷ್ಟರಲ್ಲಿ ಅವಳು ಸತ್ತಿದ್ದಿರಬಹುದು. ಹಾಗಿದ್ದರೆ ಸತ್ತವಳಿಂದ ಕಿತ್ತಿರಿ. ಇಲ್ಲದಿದ್ದರೆ ಬದುಕಿದ್ದವಳಿಂದ. ಎರಡರಲ್ಲಿ ಯಾವುದನ್ನು ಬಯಸಬೇಕೆಂದೇ ನನಗೆ ಗೊತ್ತಾಗುತ್ತಿಲ್ಲ. ನನ್ನನ್ನೂ ಪ್ರಶ್ನಿಸಿಕೊಂಡಿದ್ದೇನೆ. ಜಪಾನಿನವರನ್ನು ಓಡಿಸಲು ಹೋಗಿದ್ದೆವೆಂದು ನೀವು ಹೇಳುತ್ತಿದ್ದಿರಿ. ಜಪಾನ್ ಸೋತದ್ದು ಆಗಸ್ಟಿನಲ್ಲಿ. ನವೆಂಬರಿನಲ್ಲಿ ಆ ಊರಿನವರು ತಮ್ಮ ಸ್ವಾತಂತ್ರ್ಯ ಉಳಿಸಿಕೊಳ್ಳಲು ಹೋರಾಡುತ್ತಿದ್ದರು, ಅವರೆದುರು ನಿಂತವರು ಬ್ರಿಟಿಷರ ಸೈನ್ಯದ ನೀವು. ಇದನ್ನು ತಿಳಿಯಲು ನನಗೆ ಒಂದು ಪುಸ್ತಕ ಸಾಕಿತ್ತು, ನಲವತ್ತಮೂರು ವರ್ಷ ಅದನ್ನು ತೆರೆಯಲಿಲ್ಲ. ಪ್ರತಿ ಆಗಸ್ಟ್ ಹದಿನೈದಕ್ಕೆ ಶಾಲೆಯವರು ‘ಮಿಲಿಟರಿ ಅಶ್ವತ್ಥಣ್ಣ’ ಎಂದು ಕರೆದು ಹಾರ ಹಾಕಿ ನಿಮ್ಮಿಂದ ಬಾವುಟ ಏರಿಸುತ್ತಿದ್ದಾಗ ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದವಳು ನಾನೇ.

ಒಂದನ್ನು ಮಾತ್ರ ನಿಮ್ಮ ಪರವಾಗಿ ವಾದಿಸಲಾರೆ. ಬಿಸ್ಕತ್ತಿನ ಡಬ್ಬಿ ಎಲ್ಲಿಂದ ಬಂತು? ಕಿತ್ತುಕೊಂಡದ್ದನ್ನು ಬಚ್ಚಿಡಬಹುದಿತ್ತು, ಸುಡಬಹುದಿತ್ತು. ನೀವು ಆ ಹುಡುಗಿಯಿಂದ ಕೃತಜ್ಞತೆ ಹೇಳಿಸಿದಿರಿ. ಅದನ್ನು ಅಮ್ಮನ ಬಾಯಲ್ಲಿ, ನನ್ನ ಬಾಯಲ್ಲಿ, ಕೊನೆಗೆ ನನ್ನ ಮಗಳ ಬಾಯಲ್ಲಿ ಅವಳ ತಂಗಿಯ ಎದುರಿಗೇ ಹೇಳಿಸಿದಿರಿ.

ಜಯಂತ್ ಹೇಳುತ್ತಾರೆ, ‘ಬಿಟ್ಬಿಡೇ, ತೊಂಬತ್ತು ವರ್ಷದವರನ್ನ ಈಗ ಕಟಕಟೇಲಿ ನಿಲ್ಲಿಸ್ತೀಯಾ?’ ಸರಿಯೇನೋ. ಇದು ಕ್ರೌರ್ಯವೆಂದು ನನಗೂ ಅನ್ನಿಸುತ್ತದೆ. ಆದರೆ ಯಾತಿಯ ಕೊನೆಯ ಗಳಿಗೆಯನ್ನು ಬಲ್ಲವರು ಭೂಮಿಯ ಮೇಲೆ ನೀವೊಬ್ಬರೇ ಉಳಿದಿದ್ದೀರಿ, ಮತ್ತು ಗೊಂಬೆ ಬೇಕೆಂದು ಅತ್ತ ಹುಡುಗಿಗೂ ವಯಸ್ಸಾಗಿದೆ. ಅಕ್ಕ ಕೂಗಿದಳೇ, ಒಬ್ಬಳೇ ಇದ್ದಳೇ, ತಕ್ಷಣ ಸತ್ತಳೇ ಎಂಬುದಷ್ಟೇ ಅವರಿಗೆ ತಿಳಿಯಬೇಕು. ‘ಸಿಹಿಯಾದ ಕಥೆ ಬೇಡ, ಅದನ್ನು ನಿನ್ನ ಮಗಳಿಂದ ಕೇಳಿಯಾಯಿತು’ ಎಂದು ನನಗೆ ಹೇಳಿದರು.

ಗೊಂಬೆಯನ್ನು ಅವರಿಗೆ ಕೊಟ್ಟೆ. ಚನ್ನಪಟ್ಟಣದ ಕೈ ಈ ಪೊಟ್ಟಣದಲ್ಲಿದೆ. ಅದು ನಮ್ಮ ಮನೆಯದು, ನಿಮಗೆ ಸೇರಬೇಕಾದದ್ದು. ಮುಂದಿನ ವರ್ಷ ಮೇಲಿನ ಮೆಟ್ಟಿಲಲ್ಲಿ ಆ ಜಾಗವನ್ನು ಖಾಲಿ ಬಿಡುತ್ತೇನೆ. ಏಕೆಂದು ಕೇಳಿದವರಿಗೆ ನಿಸರ್ಗ ಏನು ಹೇಳಬೇಕೋ ನೀವೇ ಬರೆದು ಕಳುಹಿಸಿ. ಮಾತ್ರೆ ತಪ್ಪಿಸಬೇಡಿ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ಬೇಡುವುದು ಈ ಒಂದು ಪತ್ರದಲ್ಲಿ ಮಾತ್ರ ಆಗುತ್ತಿಲ್ಲ.

ಇಂತಿ, ನಿಮ್ಮ ಮೊಮ್ಮಗಳು
ಜಾಹ್ನವಿ

ಇನ್ನೊಂದು ಮಾತು: ಇಬು ರತ್ನ ಅವರಿಗೆ ನಿನ್ನೆ ಭಾರತದ ವೀಸಾ ಬಂತು. ನವೆಂಬರ್ ಹತ್ತಕ್ಕೆ ಸುರಬಾಯದಲ್ಲಿ ಇರಬೇಕೆಂದು ಹೊರಟಿದ್ದಾರೆ. ಅದಕ್ಕೆ ಮೊದಲು, ದೀಪಾವಳಿ ಕಳೆದು ಬುಧವಾರ, ಆರನೆಯ ತಾರೀಕು ಬೆಳಿಗ್ಗೆ ಹತ್ತಕ್ಕೆ ನಿಮ್ಮಲ್ಲಿಗೆ ಬರುತ್ತಾರೆ. ವಿಳಾಸ ಕೊಟ್ಟವಳು ನಾನೇ. ಅರಮನೆ ನೋಡಲು ಬರುವ ನನ್ನ ಗೆಳತಿಯ ತಾಯಿ ಎಂದು ಚಿಕ್ಕಮ್ಮನಿಗೆ ಹೇಳಿದ್ದೇನೆ, ಪಾಪ, ಚಿರೋಟಿ ಮಾಡುತ್ತೇನೆ ಎನ್ನುತ್ತಿದ್ದರು. ಇಬು ರತ್ನ ಜೋರಾಗಿ ಮಾತಾಡುವವರಲ್ಲ, ನಿಮಗೆ ಕೇಳಿಸದಿರಬಹುದು. ಕೇಳಿಸಬೇಕಾಗಿಯೂ ಇಲ್ಲ. ಗೊಂಬೆಯನ್ನು ನಿಮ್ಮೆದುರು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾರಂತೆ. ಅಂದು ಹೇಗೆ ತೆಗೆದುಕೊಂಡಿರೋ ಹಾಗೆಯೇ ತೆಗೆದುಕೊಳ್ಳಿ.