ಅಮ್ಮನ ರೆಪ್ಪೆ, ನಿನ್ನ ಐಸು

ನನ್ನ ಜಗಳಗಂಟಿ ಅಜ್ಜಿಗೆ,

ಕಾಪುವಿನ ಮೀನು ಮಾರುಕಟ್ಟೆಯಲ್ಲಿ ನೀನು ನಿನ್ನ ಸೊಸೆಯ, ಅಂದರೆ ನನ್ನ ಅಮ್ಮನ, ಕಣ್ಣಿಗೆ ಐಸು ಒತ್ತಿದ ಮಧ್ಯಾಹ್ನ ನೆನಪಿದೆಯೇ? ಬೆಳಿಗ್ಗೆ ತುಂಬಿದ ಬುಟ್ಟಿ ಹೊತ್ತವಳಿಗೆ ಹೊತ್ತು ಏರಿದಂತೆ ಬಂಗುಡೆ ಕತ್ತರಿಸಲೂ ಆಗುತ್ತಿರಲಿಲ್ಲ. ರೆಪ್ಪೆ ಜೋತುಬೀಳುತ್ತಿತ್ತು, ಮಾತಾಡುತ್ತಾ ಹೋದಂತೆ ದನಿ ಸೋಲುತ್ತಿತ್ತು. ಸ್ವಲ್ಪ ಕೂತರೆ ಮತ್ತೆ ಸರಿ. ನಿನಗೆ ಅದೇ ಸಿಟ್ಟು. ನಿದ್ರೆ ಬಿಡಿಸುತ್ತೇನೆಂದು ಮೀನಿನ ಪೆಟ್ಟಿಗೆಯಿಂದ ಐಸು ತೆಗೆದು, ಸೆರಗಿನಲ್ಲಿ ಸುತ್ತಿ, ರೆಪ್ಪೆಯ ಮೇಲೆ ಹಿಡಿದೆ. ಕೈ ತೆಗೆದಾಗ ಕಣ್ಣು ತೆರೆದಿತ್ತು.

"ನೋಡಿದ್ರಾ, ಎಂತ ಕಾಯಿಲೆಯೂ ಇಲ್ಲ ಇವಳಿಗೆ. ಎಲ್ಲ ನಾಟಕ" ಎಂದು ಪಕ್ಕದವರಿಗೆಲ್ಲ ತೋರಿಸಿದೆ. ಅಮ್ಮ ಮುಖ ಒರೆಸಿಕೊಂಡು ಮತ್ತೆ ಕತ್ತಿ ಎತ್ತಿಕೊಂಡಳು.

ನಾನು ಓದಲು ತರುತ್ತಿದ್ದ ಆರೋಗ್ಯದ ಕರಪತ್ರಗಳಲ್ಲಿ ನೀನು ಸಿಗಡಿ ಕಟ್ಟಿಕೊಡುತ್ತಿದ್ದೆ. ಈಗಲಾದರೂ ಉಪಯೋಗಕ್ಕೆ ಬಂತು ಎಂದು ನಗುತ್ತಿದ್ದೆ. ನೀನು ತೀರಿಹೋದ ಮೇಲೆ ಅಂಥದೇ ಒಂದು ಕರಪತ್ರದಲ್ಲಿ ಅಮ್ಮನ ಕಷ್ಟವೆಲ್ಲ ಅಚ್ಚಾಗಿತ್ತು! ದುಡಿದು ಸೋತ ಹೆಂಗಸನ್ನು ಸೋಮಾರಿ ಎನ್ನಲು ನಮಗೆ ಎಷ್ಟು ಸಲೀಸು, ಅಲ್ಲವೇ? ಮನೆಯಲ್ಲಿ ದೊಡ್ಡ ಭಾಷಣ ಮಾಡಿ, ಅವಳನ್ನು ಮಣಿಪಾಲಕ್ಕೆ ಕರೆದೊಯ್ದೆ.

ಅಲ್ಲಿ ಡಾಕ್ಟರು ಏನು ಮಾಡಿದರು ಗೊತ್ತೇ? ಐಸು ಒತ್ತಿದರು. ರೆಪ್ಪೆ ಎದ್ದಿತು. ನೀನು ನಾಟಕಕ್ಕೆ ಕೊಟ್ಟ ಸಾಕ್ಷಿಯೇ ಅವರಿಗೆ ಕಾಯಿಲೆಯ ಸುಳಿವಾಯಿತು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಸ್ನಾಯುವಿನಲ್ಲಿ ಬಲವಿದೆ, ಅಜ್ಜಿ. ಆದರೆ ನರ ಕಳಿಸುವ ಸಂದೇಶವನ್ನು ಸ್ನಾಯು ಹಿಡಿದುಕೊಳ್ಳುವ ಜಾಗಗಳನ್ನು ದೇಹವೇ ಕೆಡಿಸುತ್ತಿದೆ. ದುಡಿದಷ್ಟೂ ಸಂದೇಶ ತಲುಪುವುದು ಕಡಿಮೆ, ದಣಿವು ಹೆಚ್ಚು. ತಂಪಿನಲ್ಲಿ ಆ ಸಂದೇಶ ಬೇಗ ಕರಗಿಹೋಗುವುದಿಲ್ಲ, ಅದಕ್ಕೇ ಐಸಿಗೆ ರೆಪ್ಪೆ ಏಳುತ್ತದೆ. ಇದು ನಿನಗಾದರೂ ಹೇಗೆ ಗೊತ್ತಾಗಬೇಕಿತ್ತು...

ಬಸ್ಸಿನಲ್ಲಿ ಹಿಂತಿರುಗುವಾಗ ಅಮ್ಮ ಔಷಧಿಯ ಬಗ್ಗೆ ಏನೂ ಕೇಳಲಿಲ್ಲ. "ಅತ್ತೆ ನನ್ನನ್ನು ಕೆಲಸಗಳ್ಳಿ ಅಂತಲೇ ತಿಳಿದು ಹೋದ್ರಲ್ಲ. ಅವರಿಗೆ ಇನ್ನು ಯಾರು ಹೇಳುವುದು?" ಎಂದಳು.

ನಾನು ಹೇಳುತ್ತೇನೆ ಎಂದೆ. ಹೇಳಿದ್ದೇನೆ.

ಈಗ ಮಾತ್ರೆ ಹಿಡಿದಿದೆ. ದಣಿವು ಪೂರ್ತಿ ಹೋಗಿಲ್ಲ, ನಡುನಡುವೆ ಕೂರುತ್ತಾಳೆ. ಯಾರೂ ಏನೂ ಅನ್ನುವಂತಿಲ್ಲ, ನಾನಿದ್ದೇನೆ. ನಿನ್ನೆ ಸಂಜೆ ಕಾರ್ಕಳದವರೊಬ್ಬರು ಅಂಜಲ್ ಮೀನಿಗೆ ಚೌಕಾಸಿಗಿಳಿದರು. ಅಮ್ಮ ಮಾತಿಗೆ ಮಾತು ಕೊಟ್ಟಳು, ಕೊನೆಯವರೆಗೂ ಗಟ್ಟಿ ದನಿಯಲ್ಲಿ. ಅವರು ಅಮ್ಮ ಕೇಳಿದಷ್ಟೇ ಕೊಟ್ಟು ಹೋದರು. ಪಕ್ಕದಲ್ಲಿ ಮೀನು ಮಾರುವ ಗುಲಾಬಿಯಕ್ಕ, "ನಿನ್ನ ಅತ್ತೆಯೇ ಎದ್ದು ಬಂದ ಹಾಗಾಯ್ತು ಮಾರಾಯ್ತಿ" ಎಂದರು.

ಅಮ್ಮ ಬುಟ್ಟಿ ಮುಚ್ಚುತ್ತಾ ಅಂದಳು: "ಅತ್ತೆ ಆಗಿದ್ರೆ ಇನ್ನೂ ಸ್ವಲ್ಪ ಹೆಚ್ಚಿಗೇ ತೆಗೀತಿದ್ರು."

ನಿನ್ನ ಮೊಮ್ಮಗಳು