ನಕಲಿನ ನಕಲು

ಆಸ್ಪತ್ರೆ, ಎರಡನೆಯ ಮಹಡಿ, ಕೊನೆಯ ಕೋಣೆ
ಮಾರ್ಚ್ ೧೧, ಬೆಳಗಿನ ಹೊತ್ತು

ನನ್ನ ಗುಬ್ಬಿ,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ದಿನವಿಡೀ ತರಗತಿಯಲ್ಲಿ ನಲವತ್ತು ಮಕ್ಕಳ ಮುಂದೆ ಕಿರುಚಿ ಕಿರುಚಿ ನಿನ್ನ ದನಿ ಒಡೆದ ತಗಡಿನಂತಾಗಿದೆ ಎಂದು ನಿಮ್ಮಪ್ಪ ಹೇಳಿದ. ಬಿಸಿನೀರು ಕುಡಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಈ ಕಾಗದ ತಡವಾಗಿ ಸಿಕ್ಕಿದರೆ ಅಂಚೆಯವನನ್ನು ಬೈಯಬೇಡ. ನನ್ನ ಕೋಣೆಯಿಂದ ಆಚೆ ಹೋಗುವ ಒಂದೊಂದು ಚೂರು ಕಾಗದವನ್ನೂ ನರ್ಸಮ್ಮ ಮೂರು ದಿನ ಚೀಲದಲ್ಲಿ ಕಟ್ಟಿಟ್ಟು ಆಮೇಲೆ ಬಿಡುತ್ತಾಳೆ. ನನಗಿಂತ ಮೊದಲು ನನ್ನ ಕಾಗದಕ್ಕೆ ಬಿಡುಗಡೆ! ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ, ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಸಂಜೆ ಜ್ವರ ಬರುತ್ತದೆ, ಕೆಮ್ಮು ಇದೆ, ನಾಲಿಗೆಗೆ ರುಚಿ ಇಲ್ಲ. ಬಾಯಿ ಮಾತ್ರ ಮೊದಲಿನ ಹಾಗೇ ಇದೆ.

ನೀನು ಪ್ರತಿ ಭಾನುವಾರ ನಿಮ್ಮಪ್ಪನಿಗೆ ಫೋನು ಮಾಡಿ, ‘ಅಜ್ಜಿಗೆ ಈ ಫ್ಲೂ ಅಂಗಡೀಲೇ ಅಂಟಿದ್ದು ಅಲ್ವಾ?’ ಎಂದು ಕೇಳುತ್ತೀಯಂತೆ. ‘ಹೂಂ, ಅಂಗಡೀಲೇ, ಎಷ್ಟೊಂದು ಜನ ಬರ್ತಾರೆ’ ಎಂದು ಅವನು ಹೇಳುತ್ತಾನಂತೆ. ಅಷ್ಟು ಕೇಳಿ ಸಮಾಧಾನವಾಗಿದ್ದರೆ ನೀನು ಬಂದು ನನ್ನ ಮುಖ ನೋಡಬೇಕಿತ್ತಲ್ಲ? ಒಂದು ಸಲವೂ ಬರಲಿಲ್ಲ. ಜನವರಿಯಲ್ಲಿ ನೀನು ರಜೆಗೆಂದು ಬಂದೆ, ಕೆಮ್ಮುತ್ತಲೇ ನನ್ನ ಹಾಸಿಗೆಯಲ್ಲಿ ಮಲಗಿದೆ. ಮೂರನೆಯ ದಿನ ಇಬ್ಬರಿಗೂ ಜ್ವರವೆಂದು ಇದೇ ಆಸ್ಪತ್ರೆಗೆ ಬಂದು, ಒಂದೇ ಬೆಂಚಿನ ಮೇಲೆ ಕೂತು ಇಬ್ಬರೂ ಮೂಗಿಗೆ ಕಡ್ಡಿ ಹಾಕಿಸಿಕೊಂಡೆವು. ವಾರ ಕಳೆಯುವಷ್ಟರಲ್ಲಿ ನೀನು ನಿನ್ನ ಶಾಲೆಗೆ ಹೋದೆ, ನಾನು ಇಲ್ಲೇ ಉಳಿದೆ. ಇವತ್ತಿಗೆ ಅರವತ್ತಮೂರು ದಿನ. ನಿನ್ನ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಮೊದಲು ಇಲ್ಲಿಯ ಸುದ್ದಿ ಕೇಳು.

ಇಲ್ಲೊಬ್ಬ ಡಾಕ್ಟರಮ್ಮ ಇದ್ದಾಳೆ. ಏನು ಕೇಳಿದರೂ ಹೂಂ ಇಲ್ಲ, ಉಹೂಂ ಇಲ್ಲ. ಅವಳಿಗೆ ಗಟ್ಟಿ ಬೀಗ ಎಂದು ಹೆಸರಿಟ್ಟಿದ್ದೇನೆ. ನಲವತ್ತು ವರ್ಷ ಊರವರ ಬೀಗ ತೆಗೆದುಕೊಟ್ಟವಳಿಗೆ ಇದೊಂದು ಯಾವ ಮಹಾ ಎಂದು ಪಟ್ಟು ಹಿಡಿದು ದಿನಾ ಅವಳ ತಲೆ ತಿಂದೆ. ಎಲ್ಲರ ಫ್ಲೂ ವಾರಕ್ಕೆ ಹೊರಟು ಹೋಗುತ್ತದೆ, ನನ್ನದೇಕೆ ಬಾಡಿಗೆ ಮನೆ ಹಿಡಿದು ಕೂತಿದೆ? ಕೊನೆಗೆ ಹೋದ ವಾರ ಕುರ್ಚಿ ಎಳೆದುಕೊಂಡು ಕೂತಳು. ವೈರಸ್ಸು ಮೈಯೊಳಗೆ ಹೊಕ್ಕ ಮೇಲೆ ತನ್ನ ನಕಲು ಮಾಡುತ್ತಲೇ ಇರುತ್ತದಂತೆ. ಆ ನಕಲಿನಿಂದ ಇನ್ನೊಂದು, ಅದರಿಂದ ಮತ್ತೊಂದು. ಅವಸರದಲ್ಲಿ ಆಗಾಗ ತಪ್ಪೂ ಮಾಡುತ್ತದಂತೆ. ನನಗೆ ನಗು ತಡೆಯಲಾಗಲಿಲ್ಲ. ನಿನಗೇ ಗೊತ್ತಲ್ಲ, ನಾನು ಮೂಲ ಬೀಗದ ಕೈ ತಂದವರಿಗಷ್ಟೇ ಅರ ಹಿಡಿದು ನಕಲು ಮಾಡಿಕೊಡುವವಳು. ಒಂದೇ ಒಂದು ಸಲ ಎದುರಂಗಡಿ ದರ್ಜಿಯ ಕಾಟ ತಾಳಲಾರದೆ ನಕಲಿನ ನಕಲಿನಿಂದ ಒಂದು ಮಾಡಿಕೊಟ್ಟೆ. ಅದು ಅವನ ಬಾಗಿಲು ತೆಗೆಯಲಿಲ್ಲ, ಪಕ್ಕದ ಕ್ಷೌರದಂಗಡಿಯ ಬಾಗಿಲು ತೆಗೆಯಿತು. ಇದನ್ನು ಹೇಳಿದ್ದೇ ತಡ, ಗಟ್ಟಿ ಬೀಗ ಬಾಯಿ ಬಿಟ್ಟು ನಕ್ಕಳು. ‘ಅಜ್ಜೀ, ನಿಮ್ಮೊಳಗೆ ಆಗಿರೋದೂ ಅದೇ’ ಎಂದಳು.

ತಪ್ಪಿದ ನಕಲುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದವಂತೆ. ನಿನ್ನಂಥ ಗಟ್ಟಿಮುಟ್ಟಾದವರಲ್ಲಿ ಒಂದು ಕಿಲಾಡಿ ನಕಲು ಹುಟ್ಟಿದರೂ ಅದು ತಲೆಯೆತ್ತುವ ಮೊದಲೇ ಮೈ ಎಲ್ಲವನ್ನೂ ಗುಡಿಸಿ ಹಾಕುತ್ತದೆ. ಇನ್ನೊಬ್ಬರಿಗೆ ದಾಟುವಾಗಲೂ ಲೆಕ್ಕವಿಲ್ಲದಷ್ಟರಲ್ಲಿ ಒಂದೋ ಎರಡೋ ಆಚೆ ನೆಲೆಯೂರುತ್ತವೆ, ಅಷ್ಟೇ. ನನ್ನ ಕಥೆ ಬೇರೆ. ನಿಮ್ಮ ತಾತ ಕೊಟ್ಟ ಕಿಡ್ನಿಯನ್ನು ಮೈ ಹೊರಗಿನದೆಂದು ತಳ್ಳಿಬಿಡದಿರಲಿ ಎಂದು ಎಂಟು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನಲ್ಲ, ಆ ಮಾತ್ರೆ ಮೈಯ ಕಾವಲುಗಾರರನ್ನು ಮಲಗಿಸಿಟ್ಟಿದೆ. ಕೇಳುವವರಿಲ್ಲದ ಮನೆಯಲ್ಲಿ ವೈರಸ್ಸು ಬಾಲ ಬಿಚ್ಚಿತು. ಫ್ಲೂ ಮಾತ್ರೆಗೆ ಹತ್ತು ದಿನ ಜ್ವರ ಇಳಿದಿತ್ತು. ಅಷ್ಟರಲ್ಲಿ ಆ ಮಾತ್ರೆಯ ಹಿಡಿತಕ್ಕೆ ಸಿಗದ ನಕಲೊಂದು ಹುಟ್ಟಿ, ಉಳಿದವು ಸತ್ತ ಜಾಗವನ್ನೆಲ್ಲ ಅದೇ ತುಂಬಿಕೊಂಡಿತು. ವಾರವಾರವೂ ನನ್ನ ಮೂಗಿನಿಂದ ತೆಗೆದ ವೈರಸ್ಸನ್ನು ಯಂತ್ರದಲ್ಲಿ ಅಕ್ಷರ ಅಕ್ಷರವಾಗಿ ಓದಿ ನೋಡಿದ್ದಾರೆ. ಮೊದಲ ವಾರದ್ದಕ್ಕೂ ಈಗಿನದ್ದಕ್ಕೂ ಐದು ಕಡೆ ವ್ಯತ್ಯಾಸ.

ಈಗ ಉಳಿದ ದಾರಿ ಒಂದೇ. ಹೊಸ ಔಷಧಿ ಕೊಟ್ಟು, ಜೊತೆಗೆ ಕಿಡ್ನಿಯ ಮಾತ್ರೆಯನ್ನು ಅರ್ಧಕ್ಕಿಳಿಸಿ ಕಾವಲುಗಾರರನ್ನು ಎಬ್ಬಿಸುವುದು. ಎದ್ದವರು ವೈರಸ್ಸಿನ ಜೊತೆಗೆ ಕಿಡ್ನಿಯ ಮೇಲೂ ತಿರುಗಿ ಬೀಳಬಹುದು. ನಿಮ್ಮಪ್ಪ ಬೇಡವೇ ಬೇಡ ಎಂದು ಅತ್ತ. ಗುಬ್ಬೀ, ನನಗೂ ಸಂಕಟವಾಯಿತು. ನಿಮ್ಮ ತಾತ ಹೋಗಿ ಮೂರು ವರ್ಷವಾದರೂ ಅವರದೊಂದು ಚೂರು ನನ್ನೊಳಗೆ ದುಡಿಯುತ್ತಿದೆ ಎಂಬ ಧೈರ್ಯದಲ್ಲೇ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದವಳು. ಆದರೆ ಈ ಕೋಣೆ ಒರೆಸಲು ಒಬ್ಬಳು ಬರುತ್ತಾಳೆ. ಮುಖ ಮುಚ್ಚಿಕೊಂಡೇ ಬರುತ್ತಾಳೆ, ಆದರೂ ಬರುತ್ತಾಳೆ. ಅವಳ ಮನೆಯಲ್ಲಿ ಆರು ತಿಂಗಳ ಕೂಸು. ಔಷಧಿಗೆ ಬಗ್ಗದ ನಕಲನ್ನು ನಾನು ಇಲ್ಲಿ ಸಾಕಿಕೊಂಡು ಕೂತು, ಅದು ಒಂದು ದಿನ ಅವಳ ಹಿಂದೆ ಹೊರಟರೆ? ಯಾರ ಬಾಗಿಲನ್ನೋ ತೆಗೆಯುವ ಬೀಗದ ಕೈಯನ್ನು ನಾನು ಇನ್ನೊಮ್ಮೆ ಬೀದಿಗೆ ಬಿಡುವವಳಲ್ಲ. ಇವತ್ತು ಬೆಳಗ್ಗೆ ರುಜು ಹಾಕಿದೆ. ಮಾತ್ರೆ ಇವತ್ತಿನಿಂದಲೇ ಅರ್ಧ. ಕಿಡ್ನಿ ಹೋದರೆ ವಾರಕ್ಕೆ ಮೂರು ದಿನ ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗುತ್ತೇನೆ, ಉಳಿದ ನಾಲ್ಕು ದಿನ ಅಂಗಡಿ. ತಾತ ಇದ್ದಿದ್ದರೂ ‘ನೀನು ಯಾರ ಮಾತು ಕೇಳಿದ್ದೀಯ, ಹಾಕು ರುಜು’ ಎನ್ನುತ್ತಿದ್ದರು.

ನಿನ್ನ ಶಾಲೆಯ ಮಕ್ಕಳು ನಿನ್ನ ಮಾತು ಕೇಳುವಂತಾಗಲಿ, ನಿನ್ನ ದನಿ ಮರಳಲಿ, ನೂರು ವರ್ಷ ಸುಖವಾಗಿರು.

ನಿನ್ನ ಹಟಮಾರಿ,
ಬೀಗದಂಗಡಿಯ ಅಜ್ಜಿ

ಮರೆತಿದ್ದೆ: ಚೀಲ ಹಿಡಿದು ನರ್ಸಮ್ಮ ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಜನವರಿಯಲ್ಲಿ ಅವತ್ತು ತೆಗೆದ ನಿನ್ನ ಮೂಗಿನದನ್ನೂ ಓದಿದ್ದಾರೆ. ಫಲಿತಾಂಶ ಮನೆಯವರಿಗೆ ಹೇಳಬಹುದು ಎಂದು ನೀನೇ ರುಜು ಹಾಕಿದ್ದೆಯಂತೆ, ಆಮೇಲೆ ಕೇಳಲು ಹೋಗಲೇ ಇಲ್ಲವಂತೆ. ನಾನು ಕೇಳಿದೆ. ನಿನ್ನದಕ್ಕೂ ನನ್ನ ಮೊದಲ ವಾರದ್ದಕ್ಕೂ ಬೀಗದ ಕೈಯ ಒಂದು ಹಲ್ಲಿನಷ್ಟೂ ವ್ಯತ್ಯಾಸವಿಲ್ಲ. ಹೌದು, ನಿನ್ನಿಂದಲೇ ಬಂತು. ನಿಮ್ಮಪ್ಪ ನಿನಗೆ ಸುಳ್ಳು ಹೇಳಿ ಹೇಳಿ ಸುಸ್ತಾಗಿದ್ದಾನೆ, ಇನ್ನು ಅವನನ್ನು ಕೇಳಬೇಡ. ಆ ಐದು ಕಿಲಾಡಿತನ ಮಾತ್ರ ಅದು ನನ್ನ ಮೈಯಲ್ಲೇ ಕಲಿತದ್ದು, ಅದಕ್ಕೆ ನೀನು ಹೊಣೆಯಲ್ಲ. ಇನ್ನೊಂದು ಮಾತು. ಕೆಮ್ಮುವವರ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರುಗಳು ನನಗೆ ಎಂಟು ವರ್ಷದಿಂದ ಹೇಳುತ್ತಿದ್ದಾರೆ. ನೀನು ಮೆಟ್ಟಿಲು ಹತ್ತುವಾಗಲೇ ನಿನ್ನ ಕೆಮ್ಮು ನನಗೆ ಕೇಳಿಸಿತ್ತು. ಗೋಡೆಯ ಕಡೆ ಸರಿದು ಹಾಸಿಗೆಯಲ್ಲಿ ಜಾಗ ಮಾಡಿಕೊಟ್ಟವಳು ನಾನು. ನನ್ನ ಕೋಣೆಯ ಬಾಗಿಲಲ್ಲಿ ಗಾಜಿನ ಕಿಂಡಿ ಇದೆ, ಭಾನುವಾರ ಹತ್ತು ಗಂಟೆಗೆ ಬಂದು ನಿಲ್ಲು.